ಮಾತಿನಿಂದ ಬೀಜೋಕ್ತಿಗೆ: 6, 7 ಮತ್ತು 8ನೇ ತರಗತಿಯ ಮಕ್ಕಳು ಹಾಗೂ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸುತ್ತಮುತ್ತಲಿನ ಕನ್ನಡ ಮಾಧ್ಯಮದ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಗಣಿತ ಕಲಿಸುತ್ತ ಬಂದಿರುವ ನನಗೆ ಒಂದು ಸಂಗತಿ ಸ್ಪಷ್ಟವಾಗಿ ಮನವರಿಕೆಯಾಗಿದೆ. ಹೇಳಿಕೆಯ ಲೆಕ್ಕಗಳಲ್ಲಿ ಮಕ್ಕಳು ಎಡವುವುದು ಕೂಡುವುದರಲ್ಲೂ ಅಲ್ಲ, ಕಳೆಯುವುದರಲ್ಲೂ ಅಲ್ಲ. ಎಡವುವುದು ವಾಕ್ಯವನ್ನು ಓದುವುದರಲ್ಲಿ. ಕನ್ನಡದ ವಾಕ್ಯದಲ್ಲಿ ಯಾವುದು ಯಾವುದಕ್ಕೆ ಸೇರುತ್ತದೆ, ಯಾವುದು ಯಾವುದರಿಂದ ಹೋಗುತ್ತದೆ ಎಂಬುದನ್ನು ವಿಭಕ್ತಿ ಪ್ರತ್ಯಯಗಳು ತಿಳಿಸುತ್ತವೆ. ಕನ್ನಡದ ಅವಧಿಯಲ್ಲಿ ಕಲಿತ ಆ ಪ್ರತ್ಯಯಗಳನ್ನು ಗಣಿತದ ಅವಧಿಯಲ್ಲಿಯೂ ಕೈಬಿಡದೆ ಹಿಡಿದುಕೊಂಡರೆ ಬೀಜೋಕ್ತಿ ತಾನಾಗಿಯೇ ರೂಪುಗೊಳ್ಳುತ್ತದೆ. ಕೆಳಗಿನ ಉತ್ತರಗಳೆಲ್ಲ ಬಹುಮಟ್ಟಿಗೆ ಇದೇ ಮಾತನ್ನು ಆಧರಿಸಿವೆ.

ಬೀಜೋಕ್ತಿ ಎಂದರೇನು? ಸಂಖ್ಯೆಗಳಿರುವಾಗ ಅಕ್ಷರ ಏಕೆ ಬೇಕು?

ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವ ರೈತನಿಗೆ ಇಂದು ಯಾವ ದರ ಸಿಗುತ್ತದೆ ಎಂಬುದು ಟೆಂಡರ್ ಮುಗಿಯುವವರೆಗೆ ತಿಳಿದಿರುವುದಿಲ್ಲ. ಆದರೆ ತನ್ನ ಬಳಿ 6 ಕ್ವಿಂಟಲ್ ಮಾಲು ಇದೆ ಎಂಬುದು, ಹಮಾಲಿ ಮತ್ತು ಸಾಗಣೆಗೆ 1500 ರೂಪಾಯಿ ಹೋಗುತ್ತದೆ ಎಂಬುದು ಅವನಿಗೆ ಗೊತ್ತು. ಗೊತ್ತಿಲ್ಲದ ದರವನ್ನು ಯ ಎಂದು ಕರೆದರೆ ಅವನ ಕೈಗೆ ಬರುವ ಹಣ 6ಯ − 1500 ರೂಪಾಯಿ. ದರ ತಿಳಿಯುವ ಮೊದಲೇ ಲೆಕ್ಕದ ಆಕಾರ ಸಿದ್ಧವಾಯಿತು. ದರ ತಿಳಿದ ಕೂಡಲೇ ಯ ಇರುವಲ್ಲಿ ಆ ಸಂಖ್ಯೆಯನ್ನು ಇಟ್ಟರೆ ಮುಗಿಯಿತು. ಹೀಗೆ ಸಂಖ್ಯೆಗಳನ್ನೂ ಅಕ್ಷರಗಳನ್ನೂ ಗಣಿತದ ಕ್ರಿಯೆಗಳಿಂದ ಜೋಡಿಸಿದ ಬರಹವೇ ಬೀಜೋಕ್ತಿ. ಇದರಲ್ಲಿ ಯ ಎಂಬುದು ಚರಾಕ್ಷರ, ಅದರ ಹಿಂದಿರುವ 6 ಎಂಬುದು ಸಹಗುಣಕ, 1500 ಎಂಬುದು ಸ್ಥಿರಾಂಕ.

ಯ ಎಂಬುದು ಮೆಣಸಿನಕಾಯಿ ಅಲ್ಲ, ಚೀಲವೂ ಅಲ್ಲ; ಅದು ಒಂದು ಕ್ವಿಂಟಲ್‌ನ ದರವನ್ನು ರೂಪಾಯಿಗಳಲ್ಲಿ ಹೇಳುವ ಒಂದು ಸಂಖ್ಯೆ. ಈ ಮಾತನ್ನು ನಾನು ಪ್ರತಿ ವರ್ಷ ಹಲವು ಬಾರಿ ಹೇಳುತ್ತೇನೆ, ಏಕೆಂದರೆ 3ಮ + 2ಬ ಎಂಬುದನ್ನು 'ಮೂರು ಮಾವಿನಹಣ್ಣು, ಎರಡು ಬಾಳೆಹಣ್ಣು' ಎಂದು ಒಮ್ಮೆ ಕಲಿತ ಮಗು ಆ ರೂಢಿಯನ್ನು ಬಿಡಲು ಬಹಳ ಕಾಲ ಕಷ್ಟಪಡುತ್ತದೆ. ಮ ಎಂಬುದು ಹಣ್ಣಿನ ಬೆಲೆಯಾಗಬಹುದು, ಹಣ್ಣುಗಳ ಎಣಿಕೆಯಾಗಬಹುದು, ಹಣ್ಣಿನ ತೂಕವೂ ಆಗಬಹುದು, ಆದರೆ ಹಣ್ಣೇ ಆಗಲಾರದು. ಆದ್ದರಿಂದ ಲೆಕ್ಕ ಬಿಡಿಸುವ ಮುನ್ನ 'ಒಂದು ಕ್ವಿಂಟಲ್‌ನ ದರ ಯ ರೂಪಾಯಿ ಆಗಿರಲಿ' ಎಂದು ಪೂರ್ಣ ವಾಕ್ಯವನ್ನು ಬರೆಯುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಬೇಕು.

ಪಠ್ಯಪುಸ್ತಕದಲ್ಲಿ ಎಕ್ಸ್, ವೈ ಎಂದಿದೆ. ಇಲ್ಲಿ ಯ ಎಂದು ಏಕೆ ಬರೆದಿದ್ದೀರಿ?

ಅಕ್ಷರ ಯಾವುದಾದರೂ ಲೆಕ್ಕ ಬದಲಾಗುವುದಿಲ್ಲ. ಪರೀಕ್ಷೆಯಲ್ಲಿ ಪಠ್ಯಪುಸ್ತಕದ ಅಕ್ಷರಗಳನ್ನೇ ಬಳಸಿರಿ. ಯ ಎಂಬುದನ್ನು ನಾನು ಆರಿಸಿಕೊಂಡಿದ್ದಕ್ಕೆ ಒಂದು ಕಾರಣವಿದೆ. ಬ್ರಹ್ಮಗುಪ್ತ 628ರಲ್ಲಿಯೇ ತಿಳಿಯದ ರಾಶಿಗಳನ್ನು ಬಣ್ಣಗಳ ಹೆಸರಿನಿಂದ ಸೂಚಿಸಿದ್ದ. 12ನೇ ಶತಮಾನದ ಭಾಸ್ಕರಾಚಾರ್ಯ ಮೊದಲ ಅವ್ಯಕ್ತ ರಾಶಿಯನ್ನು 'ಯಾವತ್-ತಾವತ್', ಅಂದರೆ 'ಎಷ್ಟೋ ಅಷ್ಟು', ಎಂದು ಕರೆದು, ಮುಂದಿನವುಗಳಿಗೆ ಕಾಲಕ, ನೀಲಕ, ಪೀತಕ, ಲೋಹಿತಕ ಎಂದು ಕಪ್ಪು, ನೀಲಿ, ಹಳದಿ, ಕೆಂಪು ಬಣ್ಣಗಳ ಹೆಸರಿಟ್ಟ. ಬರೆಯುವಾಗ ಅವು ಯಾ, ಕಾ, ನೀ ಎಂದು ಚಿಕ್ಕದಾಗುತ್ತಿದ್ದವು. ಸ್ಥಿರಾಂಕಕ್ಕೆ 'ರೂಪ' ಎಂಬುದರ 'ರೂ' ಇತ್ತು. ನಾವಿಂದು 3ಯ + 5 ಎಂದು ಬರೆಯುವುದನ್ನು ಆಗ 'ಯಾ 3 ರೂ 5' ಎಂದು ಬರೆಯಬಹುದಾಗಿತ್ತು. ಎಕ್ಸ್, ವೈ, ಝಡ್ ಬಳಸುವ ಪದ್ಧತಿ ಫ್ರಾನ್ಸಿನ ಡೆಕಾರ್ಟ್ 1637ರಲ್ಲಿ ಬಳಸಿದ ನಂತರ ಬೇರೂರಿದ್ದು. ಅಕ್ಷರ ಹಾಕಿ ಲೆಕ್ಕ ಮಾಡುವುದು ಹೊರಗಿನಿಂದ ಬಂದ ಕಠಿಣ ವಿದ್ಯೆ ಎಂದು ಅಂಜುವ ಮಕ್ಕಳಿಗೆ 'ಎಷ್ಟೋ ಅಷ್ಟು' ಎಂಬ ಮಾತನ್ನು ಹೇಳಿದರೆ ಅಂಜಿಕೆ ಕಡಿಮೆಯಾಗುವುದನ್ನು ನಾನು ಕಂಡಿದ್ದೇನೆ. ಎರಡನೆಯ ಚರಾಕ್ಷರ ಬೇಕಾದಲ್ಲಿ ಕಾಲಕದ ಕ ಎಂಬುದನ್ನು ಬಳಸಿದ್ದೇನೆ.

'ಹೆಚ್ಚು ಎಂದರೆ ಕೂಡು, ಕಡಿಮೆ ಎಂದರೆ ಕಳೆ' ಎಂಬ ಪಟ್ಟಿಯನ್ನು ಮಗು ಬಾಯಿಪಾಠ ಮಾಡಿದೆ. ಆದರೂ ಉತ್ತರ ತಪ್ಪುವುದೇಕೆ?

ಪಟ್ಟಿ ಪದವನ್ನು ನೋಡುತ್ತದೆ, ವಾಕ್ಯವನ್ನು ನೋಡುವುದಿಲ್ಲ. 'ಹೆಚ್ಚು' ಎಂಬ ಒಂದೇ ಪದವನ್ನು ತೆಗೆದುಕೊಳ್ಳಿ. 'ಒಂದು ಸಂಖ್ಯೆಗಿಂತ 5 ಹೆಚ್ಚು' ಎಂದರೆ ಯ + 5. 'ಒಂದು ಸಂಖ್ಯೆಯು 5ಕ್ಕಿಂತ ಹೆಚ್ಚು' ಎಂದರೆ ಕೂಡುವ ಮಾತೇ ಇಲ್ಲ. ಅದು ಯ > 5 ಎಂಬ ಹೋಲಿಕೆ. 'ಒಂದು ಸಂಖ್ಯೆಯು 5ಕ್ಕಿಂತ ಎಷ್ಟು ಹೆಚ್ಚು?' ಎಂದು ಕೇಳಿದರೆ ಉತ್ತರ ಯ − 5. ಪದ ಒಂದೇ, ಸಂಖ್ಯೆ ಒಂದೇ, ಆದರೆ ಬರೆಯಬೇಕಾದುದು ಮೂರು ಬಗೆ.

ಮೊದಲ ಎರಡರ ನಡುವಿನ ವ್ಯತ್ಯಾಸವನ್ನು 'ಗಿಂತ' ಎಂಬುದು ಎಲ್ಲಿ ಅಂಟಿಕೊಂಡಿದೆ ಎಂಬುದೇ ತೋರಿಸಿಕೊಡುತ್ತದೆ. 'ಗಿಂತ' ಎಂಬುದು ತಿಳಿಯದ ಸಂಖ್ಯೆಗೆ ಅಂಟಿ, 'ಹೆಚ್ಚು' ಎಂಬುದರ ಹಿಂದೆ ಎಷ್ಟು ಎಂದು ಹೇಳುವ ಅಂಕಿ ನಿಂತಿದ್ದರೆ ಅದು ಕೂಡುವುದು. ಅಂಕಿಗೇ 'ಗಿಂತ' ಅಂಟಿಕೊಂಡು, ಎಷ್ಟು ಹೆಚ್ಚು ಎಂಬುದನ್ನು ಹೇಳದೆ ಬಿಟ್ಟಿದ್ದರೆ ಅದು ಬರಿಯ ಹೋಲಿಕೆ.

ಇನ್ನೂ ಒಂದು ಬಗೆ ಉಳಿದಿದೆ. 'ಗೀತಾಳ ಬಳಿ ಯ ಗೋಲಿಗಳಿವೆ. ಇವು ಬಸವನ ಬಳಿ ಇರುವುದಕ್ಕಿಂತ 5 ಹೆಚ್ಚು. ಬಸವನ ಬಳಿ ಎಷ್ಟು ಗೋಲಿಗಳಿವೆ?' ಎಂಬ ಲೆಕ್ಕದಲ್ಲಿ ಪಟ್ಟಿಯನ್ನು ನಂಬಿದ ಮಗು ಯ + 5 ಎಂದು ಬರೆಯುತ್ತದೆ. ಹೆಚ್ಚು ಇರುವುದು ಗೀತಾಳ ಬಳಿ. ಆದ್ದರಿಂದ ಬಸವನ ಬಳಿ ಇರುವುದು ಯ − 5. ಇಂಥ ಲೆಕ್ಕಗಳನ್ನು ಉದ್ದೇಶಪೂರ್ವಕವಾಗಿಯೇ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಪಟ್ಟಿ ಹತ್ತರಲ್ಲಿ ಏಳು ಸಲ ಸರಿಹೋದರೆ ಮಗು ಓದುವುದನ್ನೇ ನಿಲ್ಲಿಸಿ ಪದ ಹುಡುಕುವುದನ್ನು ಕಲಿಯುತ್ತದೆ, ಅದು ಮುಂದೆ ಸಮೀಕರಣಗಳಿಗೆ ಬಂದಾಗ ದೊಡ್ಡ ತೊಡಕಾಗುತ್ತದೆ.

ಪ್ರತ್ಯಯಗಳನ್ನು ನೋಡಿ ಬೀಜೋಕ್ತಿ ಬರೆಯುವುದು ಹೇಗೆ?

ಕನ್ನಡದಲ್ಲಿ ಪದಗಳು ಸ್ಥಾನ ಬದಲಿಸಿದರೂ ಅರ್ಥ ಕೆಡುವುದಿಲ್ಲ. 'ಒಂದು ಸಂಖ್ಯೆಯಿಂದ 3ನ್ನು ಕಳೆಯಿರಿ' ಎಂದರೂ 'ಮೂರನ್ನು ಒಂದು ಸಂಖ್ಯೆಯಿಂದ ಕಳೆಯಿರಿ' ಎಂದರೂ ಬರೆಯಬೇಕಾದುದು ಯ − 3. ಎರಡನೆಯ ವಾಕ್ಯದಲ್ಲಿ 3 ಮೊದಲು ಬಂದಿದೆ ಎಂದು 3 − ಯ ಎಂದು ಬರೆದರೆ ತಪ್ಪು. ಮೊದಲು ಬಂದದ್ದು ಯಾವುದು ಎಂದು ನೋಡಬಾರದು. 'ಇಂದ' ಯಾವುದಕ್ಕೆ ಹತ್ತಿದೆ, 'ಅನ್ನು' ಯಾವುದಕ್ಕೆ ಹತ್ತಿದೆ ಎಂದು ನೋಡಬೇಕು. ಕಳೆಯುವಾಗ 'ಇಂದ' ಹತ್ತಿದ್ದು ಎಡಗಡೆ, 'ಅನ್ನು' ಹತ್ತಿದ್ದು ಬಲಗಡೆ.

ನಮ್ಮ ಭಾಗದ ಮಾತಿನಲ್ಲಿ 'ಹತ್ತರಾಗ ಮೂರು ಹ್ವಾದ್ರ ಏಳು' ಎನ್ನುತ್ತೇವೆ. ಇಲ್ಲಿ 'ಇಂದ' ಎಂಬುದರ ಬದಲು ಸಪ್ತಮಿಯ 'ರಾಗ', ಅಂದರೆ 'ರಲ್ಲಿ', ಬಂದಿದೆ. ಪುಸ್ತಕದ '10ರಲ್ಲಿ 3ನ್ನು ಕಳೆಯಿರಿ' ಎಂಬುದೂ ಇದೇ. ಮನೆಯಲ್ಲಿ ಆಡುವ ಮಾತು ಪುಸ್ತಕದ ಮಾತಿಗೆ ಇಷ್ಟು ಹತ್ತಿರವಿದೆ ಎಂದು ತೋರಿಸಿಕೊಟ್ಟರೆ ಮಕ್ಕಳಿಗೆ ಧೈರ್ಯ ಬರುತ್ತದೆ.

ಕೂಡುವುದರಲ್ಲಿ 'ಗೆ' ಬರುತ್ತದೆ: 'ಒಂದು ಸಂಖ್ಯೆಗೆ 8ನ್ನು ಕೂಡಿಸಿ' ಎಂದರೆ ಯ + 8. ಕೂಡುವಾಗಲೂ ಗುಣಿಸುವಾಗಲೂ ಹಿಂದುಮುಂದಾದರೆ ಬೆಲೆ ಬದಲಾಗದು. ಆದ್ದರಿಂದ ಅಲ್ಲಿ ತಪ್ಪಿದರೂ ಹೊರಗೆ ಕಾಣುವುದಿಲ್ಲ. ತಪ್ಪು ಬಯಲಾಗುವುದು ಕಳೆಯುವಲ್ಲಿ ಮತ್ತು ಭಾಗಿಸುವಲ್ಲಿ.

'20ರಿಂದ ಕಳೆ' ಎಂಬಲ್ಲಿ 20 ಮೊದಲು ಬರುತ್ತದೆ, '20ರಿಂದ ಭಾಗಿಸು' ಎಂಬಲ್ಲಿ 20 ಕೆಳಗೆ ಹೋಗುತ್ತದೆ. ಏಕೆ?

ಈ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವಳು ಏಳನೇ ತರಗತಿಯ ಒಬ್ಬ ಹುಡುಗಿ. ಅವಳು ಹಲಗೆಯ ಮೇಲೆ '20ರಿಂದ ಒಂದು ಸಂಖ್ಯೆಯನ್ನು ಕಳೆಯಿರಿ' ಎಂಬುದಕ್ಕೆ 20 − ಯ ಎಂದು ಸರಿಯಾಗಿ ಬರೆದಳು. ಅದರ ಕೆಳಗೆ '20ರಿಂದ ಒಂದು ಸಂಖ್ಯೆಯನ್ನು ಭಾಗಿಸಿರಿ' ಎಂಬುದಕ್ಕೆ 20 ÷ ಯ ಎಂದು ಬರೆದಳು. ತಪ್ಪು ಎಂದು ನಾನು ಹೇಳಿದಾಗ ಅವಳು ಸುಣ್ಣದ ಕಡ್ಡಿಯಿಂದ ಎರಡೂ ವಾಕ್ಯಗಳ 'ರಿಂದ' ಎಂಬುದರ ಕೆಳಗೆ ಗೆರೆ ಎಳೆದು, 'ಎರಡೂ ಕಡೆ ರಿಂದನ ಐತಲ್ರಿ ಸರ್' ಎಂದಳು. ಅವಳ ಆಕ್ಷೇಪ ನ್ಯಾಯವಾದುದಾಗಿತ್ತು. ನಾನೇ ಹಿಂದಿನ ದಿನ 'ಇಂದ ಹತ್ತಿದ್ದು ಎಡಗಡೆ' ಎಂದು, ಅದು ಕಳೆಯುವಾಗ ಮಾತ್ರ ಎಂಬುದನ್ನು ಹೇಳದೆ ಕಲಿಸಿದ್ದೆ.

ಎರಡು 'ಇಂದ'ಗಳು ನೋಡಲು ಒಂದೇ ಆದರೂ ಕೆಲಸ ಬೇರೆ. 'ಹೊಲದಿಂದ ಜೋಳ ತಂದೆವು' ಎಂಬಲ್ಲಿ ಹೊಲವು ಜೋಳ ಹೊರಟುಬಂದ ಜಾಗ. 'ಕುಡಗೋಲಿನಿಂದ ಜೋಳ ಕೊಯ್ದೆವು' ಎಂಬಲ್ಲಿ ಕುಡಗೋಲು ಕೊಯ್ಯುವ ಸಾಧನ. ವ್ಯಾಕರಣದಲ್ಲಿ ಮೊದಲನೆಯದು ಪಂಚಮಿ, ಎರಡನೆಯದು ತೃತೀಯೆ. ಪಂಚಮಿಗೆ 'ದೆಸೆಯಿಂದ' ಎಂಬ ಬೇರೆ ಪ್ರತ್ಯಯವನ್ನು ಪುಸ್ತಕ ಹೇಳಿದರೂ ಬಳಕೆಯಲ್ಲಿ ಎರಡಕ್ಕೂ 'ಇಂದ' ಎಂದೇ ಹೇಳುತ್ತೇವೆ. '20ರಿಂದ ಕಳೆ' ಎಂಬಲ್ಲಿ 20 ಹೊಲದಂತೆ: ಅದರೊಳಗಿನಿಂದ ಒಂದಿಷ್ಟು ಹೊರಗೆ ಹೋಗುತ್ತದೆ, ಆದ್ದರಿಂದ 20 − ಯ. '20ರಿಂದ ಭಾಗಿಸು' ಎಂಬಲ್ಲಿ 20 ಕುಡಗೋಲಿನಂತೆ: ತುಂಡಾಗುವುದು ಯ, ತುಂಡು ಮಾಡುವುದು 20, ಆದ್ದರಿಂದ ಯ ÷ 20. ಹೊಲ, ಕುಡಗೋಲು ಎಂಬ ಎರಡು ಪದಗಳನ್ನು ಹೇಳಿದ ಮೇಲೆ ಆ ತರಗತಿಯಲ್ಲಿ ಈ ತಪ್ಪು ಬಹುಮಟ್ಟಿಗೆ ನಿಂತಿತು. ಹೊಲ ಕಾಣದ ಪೇಟೆಯ ಮಕ್ಕಳಿಗೆ 'ಹುಬ್ಬಳ್ಳಿಯಿಂದ ಬಂದೆ', 'ಪೆನ್ನಿನಿಂದ ಬರೆದೆ' ಎಂಬ ಜೋಡಿಯೂ ಆದೀತು.

ಮಗು ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮೇಲೆ ಕಳೆಯುವ ಬೀಜೋಕ್ತಿಗಳು ತಿರುವುಮುರುವಾಗುತ್ತಿವೆ. ಏನು ಮಾಡಬೇಕು?

ಕನ್ನಡದಲ್ಲಿ 'ಒಂದು ಸಂಖ್ಯೆಗಿಂತ 5 ಕಡಿಮೆ' ಎಂದಾಗ ಪದಗಳ ಕ್ರಮವೂ ಯ − 5 ಎಂಬ ಬರಹದ ಕ್ರಮವೂ ಒಂದೇ: ಮೊದಲು ಸಂಖ್ಯೆ, ಆಮೇಲೆ 5, ಕೊನೆಗೆ ಏನು ಮಾಡಬೇಕೆಂಬುದು. ಇಂಗ್ಲಿಷ್‌ನಲ್ಲಿ ಇದನ್ನೇ 'ಫೈವ್ ಲೆಸ್ ದ್ಯಾನ್ ಎ ನಂಬರ್' ಎನ್ನುವಾಗ 5 ಮೊದಲು ಬರುತ್ತದೆ. ಮಗು ಕೇಳಿದ ಕ್ರಮದಲ್ಲೇ ಬರೆದು 5 − ಯ ಎಂದು ತಪ್ಪುತ್ತದೆ. ಇದು ಮಗುವಿನ ದಡ್ಡತನವಲ್ಲ, ಭಾಷೆಯ ಕಟ್ಟಿನಿಂದ ಬಂದ ತೊಡಕು. ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಒಮ್ಮೆ ಹೇಳಿಕೊಂಡು ಆಮೇಲೆ ಬರೆಯಲು ಹೇಳಿ. ಮನೆಮಾತು ಇಲ್ಲಿ ಅಡ್ಡಿಯಲ್ಲ, ಆಸರೆ.

ಆವರಣ ಯಾವಾಗ ಹಾಕಬೇಕು?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 'ಒಂದು ಸಂಖ್ಯೆ ಮತ್ತು 7ರ ಮೊತ್ತದ ಎರಡರಷ್ಟು' ಎಂಬುದು 2(ಯ + 7). 'ಒಂದು ಸಂಖ್ಯೆಯ ಎರಡರಷ್ಟು ಮತ್ತು 7ರ ಮೊತ್ತ' ಎಂಬುದು 2ಯ + 7. ಪದಗಳು ಬಹುತೇಕ ಅವೇ, ಆದರೆ ಕೊನೆಯ ಪದ ಬೇರೆ.

ಕನ್ನಡದಲ್ಲಿ ಮುಖ್ಯವಾದ ಪದ ಕೊನೆಗೆ ಬರುತ್ತದೆ. 'ಗದಗಿನ ಮಾವನ ಮನೆಯ ಬಾಗಿಲು' ಎಂದರೆ ನಾವು ಹೇಳುತ್ತಿರುವುದು ಬಾಗಿಲಿನ ವಿಷಯ. ಗದಗು, ಮಾವ, ಮನೆ ಎಲ್ಲವೂ ಯಾವ ಬಾಗಿಲು ಎಂದು ತಿಳಿಸಲು ಬಂದವು. ಬೀಜೋಕ್ತಿಯ ವಾಕ್ಯವೂ ಹಾಗೆಯೇ. ಕೊನೆಯ ಪದ 'ಎರಡರಷ್ಟು' ಆಗಿದ್ದರೆ ಇಡೀ ಬೀಜೋಕ್ತಿ ಒಂದು ಗುಣಾಕಾರ. ಅದರ ಹಿಂದಿರುವುದೆಲ್ಲ ಒಟ್ಟಾಗಿ ಎರಡರಷ್ಟಾಗಬೇಕು, ಆದ್ದರಿಂದ ಅದನ್ನು ಆವರಣದಲ್ಲಿ ಕಟ್ಟಬೇಕು. ಕೊನೆಯ ಪದ 'ಮೊತ್ತ' ಆಗಿದ್ದರೆ ಇಡೀ ಬೀಜೋಕ್ತಿ ಒಂದು ಸಂಕಲನ. ಅದರ ಹಿಂದೆ 'ಮತ್ತು' ಎಂಬುದರ ಎರಡೂ ಬದಿಗಳಲ್ಲಿ ಏನೇನಿದೆ ಎಂದು ನೋಡಬೇಕು. ಹೀಗಾಗಿ ಉದ್ದ ವಾಕ್ಯ ಕಂಡಾಗ ನಾನು ಮಕ್ಕಳಿಗೆ ಕೊನೆಯ ಪದಕ್ಕೆ ಮೊದಲು ಗೆರೆ ಎಳೆಯಲು ಹೇಳುತ್ತೇನೆ.

ಧಾರವಾಡ ಪೇಢೆಯ ಡಬ್ಬಿಗಳಿಂದ ಇದನ್ನು ಕಣ್ಣಿಗೆ ಕಾಣುವಂತೆ ಮಾಡಬಹುದು. ಮೇಜಿನ ಮೇಲೆ ಎರಡು ಮುಚ್ಚಿದ ಡಬ್ಬಿಗಳಿವೆ, ಪ್ರತಿಯೊಂದರಲ್ಲೂ ಯ ಪೇಢೆಗಳಿವೆ, ಪಕ್ಕದ ಕಾಗದದ ಮೇಲೆ ಬಿಡಿಯಾಗಿ 7 ಪೇಢೆಗಳಿವೆ ಎಂದರೆ ಒಟ್ಟು 2ಯ + 7. ಎರಡೂ ಡಬ್ಬಿಗಳನ್ನು ಬಿಚ್ಚಿ ಪ್ರತಿಯೊಂದರೊಳಗೂ 7 ಪೇಢೆ ಸೇರಿಸಿ ಮುಚ್ಚಿದರೆ ಒಟ್ಟು 2(ಯ + 7), ಅಂದರೆ 2ಯ + 14. ಆವರಣವೆಂದರೆ ಡಬ್ಬಿಯ ಮುಚ್ಚಳ ಎಂದು ಹೇಳಿದರೆ ಆರನೇ ತರಗತಿಯ ಮಗುವಿಗೂ ತಿಳಿಯುತ್ತದೆ.

ವರ್ಗಗಳಲ್ಲಿಯೂ ಇದೇ ನಿಯಮ ನಡೆಯುತ್ತದೆ. 'ಎರಡು ಸಂಖ್ಯೆಗಳ ಮೊತ್ತದ ವರ್ಗ' ಎಂದರೆ (ಯ + ಕ)². 'ಎರಡು ಸಂಖ್ಯೆಗಳ ವರ್ಗಗಳ ಮೊತ್ತ' ಎಂದರೆ ಯ² + ಕ². 'ವರ್ಗಗಳ' ಎಂಬ ಬಹುವಚನವು ವರ್ಗ ಎರಡು ಸಲ ಆಗಿದೆ ಎಂಬುದನ್ನು ಹೇಳುತ್ತಿದೆ. ಯ = 3, ಕ = 4 ಎಂದಿಟ್ಟರೆ ಮೊದಲನೆಯದು 49, ಎರಡನೆಯದು 25.

'ಎರಡು ಪಟ್ಟು ಹೆಚ್ಚು' ಎಂದರೆ 2ಯ ಆಗುತ್ತದೆಯೋ, 3ಯ ಆಗುತ್ತದೆಯೋ?

ಆಡುಮಾತಿನಲ್ಲಿ ಬಹುಪಾಲು ಜನರು 2ಯ ಎಂಬ ಅರ್ಥದಲ್ಲಿಯೇ ಹೇಳುತ್ತಾರೆ. ಆದರೆ ಇದ್ದದ್ದಕ್ಕೆ ಎರಡು ಪಟ್ಟು ಮತ್ತೆ ಸೇರಿತು ಎಂದು ಓದುವವನಿಗೆ ಅದು 3ಯ ಆಗುತ್ತದೆ. ಪ್ರಶ್ನೆಪತ್ರಿಕೆ ತಯಾರಿಸುವ ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: 'ಎರಡರಷ್ಟು' ಅಥವಾ 'ಎರಡು ಪಟ್ಟು' ಎಂದು ಬರೆದು ನಿಲ್ಲಿಸಿರಿ, 'ಹೆಚ್ಚು' ಎಂಬುದನ್ನು ಸೇರಿಸಬೇಡಿರಿ.

ಅರ್ಧ, ಮುಕ್ಕಾಲು, ಒಂದೂವರೆ ಪಟ್ಟು ಬಂದರೆ ಹೇಗೆ ಬರೆಯಬೇಕು?

'ಒಂದು ಸಂಖ್ಯೆಯ ಅರ್ಧ' ಎಂದರೆ ಯ/2, 'ಮುಕ್ಕಾಲು' ಎಂದರೆ 3ಯ/4. 'ಒಂದು ಸಂಖ್ಯೆಯ ಅರ್ಧಕ್ಕಿಂತ 3 ಕಡಿಮೆ' ಎಂದರೆ ಯ/2 − 3. ನಮ್ಮ ಕಡೆ ಹಿರಿಯರು 'ದೀಡ ಪಟ್ಟು' ಎನ್ನುವುದು ಒಂದೂವರೆ ಪಟ್ಟು, ಅಂದರೆ 3ಯ/2.

ಇದಕ್ಕೆ ಹುಬ್ಬಳ್ಳಿಯ ಬೆಂಗೇರಿಯಲ್ಲಿಯೇ ಒಂದು ಒಳ್ಳೆಯ ಉದಾಹರಣೆ ಇದೆ. ಅಲ್ಲಿ ಖಾದಿಯ ರಾಷ್ಟ್ರಧ್ವಜಗಳು ತಯಾರಾಗುತ್ತವೆ. ರಾಷ್ಟ್ರಧ್ವಜದ ಉದ್ದ ಮತ್ತು ಅಗಲದ ಪ್ರಮಾಣ 3:2 ಇರಲೇಬೇಕು. ಅಂದರೆ ಉದ್ದವು ಅಗಲದ ದೀಡ ಪಟ್ಟು. ಅಗಲ ಯ ಆದರೆ ಉದ್ದ 3ಯ/2. ನಿಗದಿಯಾದ ಅತಿ ದೊಡ್ಡ ಅಳತೆಯ ಧ್ವಜದ ಅಗಲ 4200 ಮಿಲಿಮೀಟರ್. ಯ ಇರುವಲ್ಲಿ 4200 ಇಟ್ಟರೆ ಉದ್ದ 6300 ಮಿಲಿಮೀಟರ್ ಬರುತ್ತದೆ. ಅತಿ ಚಿಕ್ಕದರ ಅಗಲ 100 ಮಿಲಿಮೀಟರ್, ಉದ್ದ 150. ಧ್ವಜದ ಸುತ್ತಳತೆ 2(ಯ + 3ಯ/2) ಆಗುತ್ತದೆ, ಅದನ್ನು ಸಂಕ್ಷೇಪಿಸಿದರೆ 5ಯ. ಯಾವ ಅಳತೆಯ ಧ್ವಜವಾದರೂ ಸುತ್ತಳತೆ ಅಗಲದ ಐದರಷ್ಟು! ಇದನ್ನು ತರಗತಿಯಲ್ಲಿ ಮಕ್ಕಳೇ ಕಂಡುಹಿಡಿಯುವಂತೆ ಬಿಟ್ಟರೆ, ಬೀಜೋಕ್ತಿ ಬರೆದದ್ದರಿಂದ ಏನು ಲಾಭವಾಯಿತು ಎಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಾಗುವುದಿಲ್ಲ.

'35 ಮಕ್ಕಳಿಗೆ ಒಬ್ಬ ಶಿಕ್ಷಕ' ಎಂಬುದನ್ನು ಬರೆಯುವಾಗ ಜಾಣ ಮಕ್ಕಳೂ ತಪ್ಪುವುದೇಕೆ?

ಶಿಕ್ಷಣ ಹಕ್ಕು ಕಾಯಿದೆ 2009ರ ಪ್ರಕಾರ 6ರಿಂದ 8ನೇ ತರಗತಿಗಳಲ್ಲಿ ಪ್ರತಿ 35 ಮಕ್ಕಳಿಗೆ ಕನಿಷ್ಠ ಒಬ್ಬ ಶಿಕ್ಷಕ ಇರಬೇಕು. ಸರಿಯಾಗಿ 35 ಮಕ್ಕಳಿಗೆ ಒಬ್ಬರಂತೆ ಇರುವ ಒಂದು ಶಾಲೆಯಲ್ಲಿ ಮಕ್ಕಳ ಸಂಖ್ಯೆ ಮ, ಶಿಕ್ಷಕರ ಸಂಖ್ಯೆ ಶ ಎಂದಿರಲಿ. ಹೆಚ್ಚಿನವರು ಬರೆಯುವುದು 35ಮ = ಶ. ಶ = 2 ಎಂದು ಇಟ್ಟು ನೋಡಿದರೆ ಮಕ್ಕಳ ಸಂಖ್ಯೆ 2/35 ಎಂದಾಗುತ್ತದೆ, ಅದು ಅಸಂಗತ. ಸರಿಯಾದುದು ಮ = 35ಶ.

ತಪ್ಪಿನ ಮೂಲ ಎರಡು. '35' ಮತ್ತು 'ಮಕ್ಕಳು' ವಾಕ್ಯದಲ್ಲಿ ಅಕ್ಕಪಕ್ಕ ಇರುವುದರಿಂದ ಕೈ ತಾನಾಗಿ 35ಮ ಎಂದು ಬರೆಯುತ್ತದೆ. ಮತ್ತು ಮ ಎಂಬುದು 'ಮಕ್ಕಳ ಸಂಖ್ಯೆ' ಎಂಬುದನ್ನು ಮರೆತು 'ಮಕ್ಕಳು' ಎಂದೇ ಓದಿಕೊಳ್ಳುತ್ತೇವೆ. ಕಡಿಮೆ ಇರುವ ಕಡೆಗೆ ಗುಣಿಸಿದರೆ ಮಾತ್ರ ಎರಡೂ ಬದಿ ಸಮನಾಗುತ್ತವೆ. ಈ ತಪ್ಪು ಮಕ್ಕಳದು ಮಾತ್ರವಲ್ಲ, ಕಾಲೇಜಿಗೆ ಹೋದವರೂ ಮಾಡುತ್ತಾರೆ, ಆದ್ದರಿಂದ ತಪ್ಪಿದ ಮಗುವನ್ನು ಗದರಿಸಬಾರದು.

3ಯ ಎಂಬಲ್ಲಿ ಯ = 5 ಆದರೆ 35 ಏಕಲ್ಲ? 3ಯ + 5 ಎಂಬುದು 8ಯ ಏಕಲ್ಲ?

3ಯ ಎಂದರೆ 3 × ಯ, ಆದ್ದರಿಂದ ಅದು 15. ಗುಣಾಕಾರದ ಚಿಹ್ನೆಯನ್ನು ಬರೆಯದೆ ಬಿಡುವುದು ಒಂದು ಒಪ್ಪಂದ. ಇದೇ ಕಾರಣಕ್ಕೆ, ಹತ್ತರ ಸ್ಥಾನದಲ್ಲಿ ಯ, ಬಿಡಿ ಸ್ಥಾನದಲ್ಲಿ ಕ ಇರುವ ಎರಡಂಕಿಯ ಸಂಖ್ಯೆಯನ್ನು ಯಕ ಎಂದು ಬರೆಯುವಂತಿಲ್ಲ. ಅದು 10ಯ + ಕ.

3ಯ ಮತ್ತು 5 ವಿಜಾತಿ ಪದಗಳು, ಅಂದರೆ ಒಂದರಲ್ಲಿ ಚರಾಕ್ಷರವಿದೆ, ಇನ್ನೊಂದರಲ್ಲಿ ಇಲ್ಲ; ಅವು ಕೂಡಿ ಒಂದಾಗಲಾರವು. ಯ = 2 ಎಂದಿಟ್ಟರೆ 3ಯ + 5 ಎಂಬುದು 11, 8ಯ ಎಂಬುದು 16. ಕೂಡುವ ಚಿಹ್ನೆ ಉಳಿದಿದ್ದರೆ ಲೆಕ್ಕ ಮುಗಿದಿಲ್ಲ ಎಂದು ಮಕ್ಕಳು ಭಾವಿಸುತ್ತಾರೆ. ಬೀಜೋಕ್ತಿಯಲ್ಲಿ 3ಯ + 5 ಎಂಬುದೇ ಪೂರ್ಣ ಉತ್ತರವಾಗಬಹುದು ಎಂದು ಬಿಡಿಸಿ ಹೇಳಬೇಕು.

ಬೀಜೋಕ್ತಿ ಯಾವುದು, ಸಮೀಕರಣ ಯಾವುದು ಎಂದು ವಾಕ್ಯ ನೋಡಿ ಹೇಳುವುದು ಹೇಗೆ?

ಕ್ರಿಯಾಪದವಿದ್ದರೆ ಸಮೀಕರಣ ಎಂದು ಕೆಲವರು ಕಲಿಸುತ್ತಾರೆ. ಕನ್ನಡಕ್ಕೆ ಈ ಸೂತ್ರ ಹೊಂದುವುದಿಲ್ಲ. 'ಒಂದು ಸಂಖ್ಯೆಯ ಮೂರರಷ್ಟು 27' ಎಂಬಲ್ಲಿ ಕ್ರಿಯಾಪದವಿಲ್ಲ, ಆದರೂ ಅದು ಪೂರ್ಣ ವಾಕ್ಯ ಮತ್ತು ಸಮೀಕರಣ: 3ಯ = 27. 'ಒಂದು ಸಂಖ್ಯೆಗೆ 4ನ್ನು ಕೂಡಿಸಿ' ಎಂಬಲ್ಲಿ ಕ್ರಿಯಾಪದವಿದೆ, ಆದರೂ ಅದು ಯ + 4 ಎಂಬ ಬೀಜೋಕ್ತಿ ಮಾತ್ರ. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಎಷ್ಟಕ್ಕೆ ಸಮ ಎಂದು ಹೇಳಿದ್ದಾರೆಯೇ? ಹೇಳಿದ್ದರೆ ಸಮೀಕರಣ, ಇಲ್ಲದಿದ್ದರೆ ಬೀಜೋಕ್ತಿ. ಸಮ ಚಿಹ್ನೆಯನ್ನು 1557ರಲ್ಲಿ ಮೊದಲು ಬಳಸಿದ ರಾಬರ್ಟ್ ರೆಕಾರ್ಡ್, ಎರಡು ಸಮಾಂತರ ಗೆರೆಗಳಿಗಿಂತ ಹೆಚ್ಚು ಸಮನಾದುದು ಬೇರೆ ಯಾವುದೂ ಇರಲಾರದೆಂದು ಅದನ್ನು ಆರಿಸಿಕೊಂಡ. ಆ ಗೆರೆಗಳನ್ನು 'ಉತ್ತರ ಇಲ್ಲಿಂದ ಮುಂದೆ' ಎಂಬ ಬಾಣದಂತೆ ಬಳಸುವುದು ತಪ್ಪು.

ಒಂದೇ ಲೆಕ್ಕಕ್ಕೆ ಇಬ್ಬರು ಮಕ್ಕಳು ಬೇರೆ ಬೇರೆ ಬೀಜೋಕ್ತಿ ಬರೆದರೆ ಒಂದು ತಪ್ಪಾಗಿರಲೇಬೇಕೇ?

ಹಾಗೇನಿಲ್ಲ. ಮೆಣಸಿನಕಾಯಿಯ ಲೆಕ್ಕಕ್ಕೇ ಬರೋಣ. ಒಟ್ಟು ಖರ್ಚು 1500 ರೂಪಾಯಿ ಎಂದು ಒಬ್ಬ 6ಯ − 1500 ಎಂದು ಬರೆದ. ಇನ್ನೊಬ್ಬಳು ಕ್ವಿಂಟಲ್‌ಗೆ 250 ರೂಪಾಯಿ ಖರ್ಚು ಎಂದು ಯೋಚಿಸಿ 6(ಯ − 250) ಎಂದು ಬರೆದಳು. ಆವರಣ ಬಿಡಿಸಿದರೆ ಎರಡೂ ಒಂದೇ. ಬಂದ ಹಣವನ್ನು ಮೂವರು ಅಣ್ಣತಮ್ಮಂದಿರು ಸಮನಾಗಿ ಹಂಚಿಕೊಂಡರೆ ಒಬ್ಬೊಬ್ಬರ ಪಾಲು (6ಯ − 1500)/3, ಅಂದರೆ 2ಯ − 500. ಉತ್ತರಪತ್ರಿಕೆ ತಿದ್ದುವಾಗ ಪುಸ್ತಕದ ಹಿಂಬದಿಯಲ್ಲಿರುವ ಉತ್ತರಕ್ಕೆ ಅಕ್ಷರಶಃ ಹೊಂದಲಿಲ್ಲವೆಂದು ಅಂಕ ಕಳೆಯುವುದು ಮಗುವಿನ ಯೋಚನೆಗೆ ಮಾಡುವ ಅನ್ಯಾಯ.

ವಯಸ್ಸಿನ ಲೆಕ್ಕಗಳಲ್ಲಿ ಎಲ್ಲಿ ತಪ್ಪಾಗುತ್ತದೆ?

'5 ವರ್ಷಗಳ ಹಿಂದೆ ತಾಯಿಯ ವಯಸ್ಸು ಮಗಳ ವಯಸ್ಸಿನ ಮೂರರಷ್ಟಿತ್ತು. ಮಗಳ ಈಗಿನ ವಯಸ್ಸು ಯ ಆದರೆ ತಾಯಿಯ ಈಗಿನ ವಯಸ್ಸೆಷ್ಟು?' ಎಂಬಲ್ಲಿ ಮಕ್ಕಳು 3ಯ − 5 ಎಂದು ಬರೆಯುತ್ತಾರೆ. ಮಗಳೂ 5 ವರ್ಷ ಹಿಂದಕ್ಕೆ ಹೋಗಬೇಕು: ಆಗ ಅವಳಿಗೆ ಯ − 5, ತಾಯಿಗೆ 3(ಯ − 5). ಈಗಿನದಕ್ಕೆ ಮರಳಲು 5 ಕೂಡಿಸಿದರೆ 3(ಯ − 5) + 5, ಅಂದರೆ 3ಯ − 10. ಮಗಳಿಗೆ ಈಗ 15 ಆಗಿದ್ದರೆ ತಾಯಿಗೆ 35; ಐದು ವರ್ಷದ ಹಿಂದೆ 10 ಮತ್ತು 30, ತಾಳೆಯಾಗುತ್ತದೆ.

ನಮಗೆ ಗಣಿತ ಅಷ್ಟಾಗಿ ಬಾರದು. ಪಾಲಕರಾಗಿ ಮನೆಯಲ್ಲಿ ಹೇಗೆ ನೆರವಾಗಬಹುದು?

ಮಗು ಬರೆದ ಬೀಜೋಕ್ತಿಯಲ್ಲಿ ಯ ಇರುವಲ್ಲಿ 10 ಇಟ್ಟು, ಮೂಲ ವಾಕ್ಯವನ್ನೂ 10 ಎಂದೇ ಓದಿ ಬಾಯಿಲೆಕ್ಕ ಮಾಡಿರಿ. ಎರಡೂ ಕಡೆ ಒಂದೇ ಉತ್ತರ ಬಂದರೆ ಬಹುಮಟ್ಟಿಗೆ ಸರಿ ಇದೆ. ಸಂಶಯವಿದ್ದರೆ 7 ಇಟ್ಟು ಇನ್ನೊಮ್ಮೆ ನೋಡಿರಿ. 0, 1, 2 ಇಡಬೇಡಿರಿ. ಯ = 2 ಆದಾಗ 2ಯ ಎಂಬುದೂ ಯ² ಎಂಬುದೂ ಯ + 2 ಎಂಬುದೂ 4 ಆಗಿ, ತಪ್ಪು ಮುಚ್ಚಿಹೋಗುತ್ತದೆ.

ಎರಡನೆಯದು, ಮಾತಾಡುವಾಗ ಬರುವ ಸಂದರ್ಭಗಳನ್ನು ಬಿಡಬೇಡಿರಿ. 'ತಮ್ಮ ನನಗಿಂತ ನಾಕು ವರ್ಷ ಸಣ್ಣಾಂವ' ಎಂದು ಮಗು ಹೇಳಿದಾಗ, 'ಹಂಗಾರ ನಿನಗ ಯ ವರ್ಷ ಆದಾಗ ಅವಗ ಎಷ್ಟು?' ಎಂದು ಕೇಳಿದರೆ ಸಾಕು. ತಿರುಗಿಸಿಯೂ ಕೇಳಬಹುದು: 4ಯ + 10 ಎಂದು ಬರೆದುಕೊಟ್ಟು, ಸಂತೆಯ ಒಂದು ಪ್ರಸಂಗ ಹೇಳು ಎನ್ನಬಹುದು. ಒಬ್ಬ ಹುಡುಗ ಇದಕ್ಕೆ 'ನಾಕು ಪ್ಲೇಟ್ ಗಿರ್ಮಿಟ್ ಮತ್ತ ಹತ್ತು ರೂಪಾಯಿದು ಚಹಾ' ಎಂದು ಹೇಳಿದ. ಬೀಜೋಕ್ತಿಯಿಂದ ಮಾತಿಗೆ ಹೀಗೆ ಮರಳಬಲ್ಲ ಮಗು ಮಾತಿನಿಂದ ಬೀಜೋಕ್ತಿಗೆ ಹೋಗುವಾಗ ತಪ್ಪುವುದು ಅಪರೂಪ.

ಅಭ್ಯಾಸಕ್ಕೆ ಕೆಲವು ಲೆಕ್ಕಗಳನ್ನು ಉತ್ತರದೊಂದಿಗೆ ಕೊಡುವಿರಾ?

ಹುಬ್ಬಳ್ಳಿ ರೈಲು ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ 1507 ಮೀಟರ್ ಇದೆ. ಅದರ ಮುಂದೆ ತಲಾ ಯ ಮೀಟರ್ ಉದ್ದದ ಎರಡು ರೈಲುಗಳು ಒಂದರ ಹಿಂದೆ ಒಂದು ನಿಂತರೆ ಖಾಲಿ ಉಳಿಯುವ ಉದ್ದ 1507 − 2ಯ ಮೀಟರ್.

ಚಿಗರಿ ಬಸ್ಸಿನಲ್ಲಿ ಯ ಜನರಿದ್ದರು. ನವನಗರದಲ್ಲಿ 9 ಜನ ಇಳಿದು 4 ಜನ ಹತ್ತಿದರು. ಈಗ ಇರುವವರು ಯ − 9 + 4, ಅಂದರೆ ಯ − 5.

ಹಾವೇರಿಯ ಏಲಕ್ಕಿ ಹಾರದ ಪ್ರತಿ ಎಳೆಗೆ ಯ ಏಲಕ್ಕಿಗಳಂತೆ 5 ಎಳೆಗಳು, ಪದಕಕ್ಕೆ ಬೇರೆ 30 ಏಲಕ್ಕಿಗಳು ಬೇಕು. ಒಂದು ಹಾರಕ್ಕೆ 5ಯ + 30. ಅಂಥ ಕ ಹಾರಗಳಿಗೆ ಕ(5ಯ + 30).

ಮೂರು ಕ್ರಮಾಗತ ಸಂಖ್ಯೆಗಳ ಮೊತ್ತ: ಯ + (ಯ + 1) + (ಯ + 2), ಅಂದರೆ 3ಯ + 3. ಮೊದಲನೆಯದರ ಬದಲು ನಡುವಿನದನ್ನು ಯ ಎಂದು ಕರೆದರೆ ಮೊತ್ತ 3ಯ ಮಾತ್ರ ಆಗುತ್ತದೆ. ಯಾವುದನ್ನು ಯ ಎಂದು ಕರೆಯಬೇಕೆಂಬ ಆಯ್ಕೆ ಬಿಡಿಸುವವರದೇ.

'ಒಂದು ಸಂಖ್ಯೆಯ ಮೂರರಷ್ಟರಿಂದ 4ನ್ನು ಕಳೆದು, ಬಂದುದನ್ನು 5ರಿಂದ ಭಾಗಿಸಿರಿ.' ಇಲ್ಲಿ ಮೊದಲ 'ಇಂದ' ಹೊಲ, ಎರಡನೆಯ 'ಇಂದ' ಕುಡಗೋಲು, ಕೊನೆಯ ಪದ 'ಭಾಗಿಸಿರಿ'. ಆದ್ದರಿಂದ ಉತ್ತರ (3ಯ − 4)/5. ಯ = 8 ಎಂದಿಟ್ಟು ನೋಡಿರಿ: 24ರಲ್ಲಿ 4 ಹೋದರೆ 20, ಅದನ್ನು 5ರಿಂದ ಭಾಗಿಸಿದರೆ 4.